ವಾಸನೆಗೆ ಕಟ್ಟಾಗುವ ನೆಟ್ಟು

ಕುರಿಯ ಕರುಳು ತೊಳೆಯುವುದು ನನ್ನ ಕೆಲಸ. ಮೂಗು ಮುಚ್ಚಿಕೊಳ್ಳುವವರು ಈಗಲೇ ಮುಚ್ಚಿಕೊಳ್ಳಲಿ. ಮುಂದೆ ಇದಕ್ಕಿಂತ ಹೇಸಿಗೆಯದು ಬರುತ್ತದೆ. ಅದು ಕರುಳಿನದಲ್ಲ.

ಕಸಾಯಿಖಾನೆಯ ಹಿಂದೆ ತಗಡಿನ ಶೆಡ್ಡು. ಬೆಳಿಗ್ಗೆ ತಳ್ಳುಗಾಡಿಯಲ್ಲಿ ಇನ್ನೂ ಬಿಸಿಯಾಗಿರುವ ಕರುಳು ಬಂದು ತೊಟ್ಟಿಗೆ ಬೀಳುತ್ತದೆ. ಒಂದೊಂದನ್ನೂ ಎಳೆದು, ಎರಡು ಬೆರಳ ನಡುವೆ ಹಿಂಡಬೇಕು. ಅರ್ಧ ಅರಗಿದ ಹುಲ್ಲು, ಹಿಕ್ಕೆ, ಒಮ್ಮೊಮ್ಮೆ ಜೀವವಿರುವ ಹುಳ ಹೊರಗೆ ಬರುತ್ತವೆ. ಆಮೇಲೆ ನಲ್ಲಿಯ ಬಾಯಿಗೆ ಸಿಕ್ಕಿಸಿ ಒಳಗನ್ನು ಹೊರಗೆ ಮಾಡಬೇಕು. ಹಲಗೆಯ ಮೇಲೆ ಹಾಸಿ ಮೊಂಡು ಚಾಕುವಿನಿಂದ ಲೋಳೆ ಹೆರೆಯಬೇಕು. ಹೆರೆದು ಹೆರೆದು ಕೊನೆಗೆ ಉಸಿರು ಬಿಟ್ಟರೆ ಹಾರುವಂಥ ತೆಳ್ಳಗಿನ ಕೊಳವೆ ಉಳಿಯುತ್ತದೆ. ಅದಕ್ಕೆ ಉಪ್ಪು ಹಚ್ಚಿ, ಕಂತೆ ಕಟ್ಟಿ, ಡ್ರಮ್ಮಿಗೆ ತುಂಬುತ್ತೇವೆ. ಎಲ್ಲೋ ಒಂದು ಕಾರ್ಖಾನೆಯಲ್ಲಿ ಅದರೊಳಗೆ ಮಾಂಸ ತುಂಬಿ ಸಾಸೇಜ್ ಮಾಡುತ್ತಾರೆ. ದೊಡ್ಡ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಜೋಡಿಸುತ್ತಾರೆ. ಅಲ್ಲಿ ಅದಕ್ಕೆ ವಾಸನೆಯೇ ಇಲ್ಲ. ವಾಸನೆಯನ್ನೆಲ್ಲ ನಮ್ಮ ಹತ್ತಿರವೇ ಬಿಟ್ಟು ಹೋಗಿರುತ್ತದೆ.

ಉಪ್ಪು ಕೈಯನ್ನು ತಿನ್ನುತ್ತದೆ. ಉಗುರಿನ ಸಂದಿ ಸೀಳುತ್ತದೆ. ಬೆರಳ ತುದಿ ಬೆಂದ ಆಲೂಗಡ್ಡೆಯ ಹಾಗೆ ಆಗುತ್ತದೆ, ಒಂದು ಗೆರೆಯೂ ಉಳಿಯುವುದಿಲ್ಲ. ಮುಟ್ಟಿ ಒತ್ತುವ ಫೋನು ನನ್ನ ಬೆರಳನ್ನು ಬೆರಳು ಅಂತಲೇ ಒಪ್ಪುವುದಿಲ್ಲ. ಹಾಗಾಗಿ ನಾನು ಫೋನೆತ್ತುವುದು ಮೂಗಿನ ತುದಿಯಿಂದ.

“ನೋಡ್ರೇ, ಮತ್ತೆ ಫೋನಿಗೆ ಮುತ್ತು ಕೊಡ್ತಿದಾಳೆ,” ಎಂದು ಪಕ್ಕದ ಹಲಗೆಯವಳು ಕೂಗುತ್ತಾಳೆ. ಅವಳನ್ನು ಎಲ್ಲರೂ ಜೋರಕ್ಕ ಅನ್ನುತ್ತೇವೆ. ಅವಳು ಪಿಸುಗುಟ್ಟಿದರೂ ಆಚೆ ಬೀದಿಗೆ ಕೇಳುತ್ತದೆ.

ನನಗೆ ಒಬ್ಬಳೇ ಮಗಳು. ಹುಟ್ಟಿದಾಗಿನಿಂದ ಅವಳಿಗೆ ಕಿವಿ ಕೇಳುವುದಿಲ್ಲ. ಬಾಯಿಮಾತೂ ಬರಲಿಲ್ಲ. ವಠಾರದವರು ಮೂಗಿ ಅಂದರು. ನಾನು ಅನ್ನಲಿಲ್ಲ. ಅವಳು ಒಂದು ಗಳಿಗೆಯೂ ಸುಮ್ಮನಿದ್ದವಳಲ್ಲ. ಕೈಯಲ್ಲೇ ವಟವಟ, ಕೈಯಲ್ಲೇ ಜಗಳ, ಕೈಯಲ್ಲೇ ಚಾಡಿ. ಗಲ್ಲ ಚಿವುಟಿಕೊಂಡರೆ ಅಮ್ಮ. ಎರಡೂ ಅಂಗೈ ಕಿವಿಗೆ ಮುಚ್ಚಿದರೆ ಜೋರಕ್ಕ. ಮೂಗು ಹಿಡಿದುಕೊಂಡರೆ ಮನೆ ಓನರ್ ಹೆಂಡತಿ. ಯಾವ ಶಾಲೆಯಲ್ಲೂ ಕಲಿಸುವ ಭಾಷೆಯಲ್ಲ ಅದು. ಒಲೆಯ ಮುಂದೆ ಕೂತು ನಾವಿಬ್ಬರೇ ಕಟ್ಟಿಕೊಂಡದ್ದು.

ಅವಳನ್ನು ಮದುವೆಯಾದವನೂ ಅವಳ ಹಾಗೇ ಕಿವಿ ಕೇಳದವನು. ಒಳ್ಳೆಯ ಹುಡುಗ. ಒಂದು ಹಗಲು, ಒಂದು ರಾತ್ರಿ ರೈಲಿನಲ್ಲಿ ಹೋಗಬೇಕಾದ ಊರಿನಲ್ಲಿ ಇಬ್ಬರೂ ಡಬ್ಬ ಪ್ಯಾಕ್ ಮಾಡುವ ಕೆಲಸಕ್ಕಿದ್ದರು. ಮಗಳು ಬಸುರಾದಳು. ರಕ್ತದೊತ್ತಡ ಜಾಸ್ತಿ, ಪ್ರಯಾಣ ಮಾಡಬಾರದು ಎಂದು ಡಾಕ್ಟರು ಹೇಳಿದರು. ಹೆರಿಗೆಯ ವಾರ್ಡಿಗೆ ಗಂಡಸರನ್ನು ಬಿಡುವುದಿಲ್ಲ. ಬಿಟ್ಟರೂ ಅಳಿಯ ಏನು ಹೇಳಿಯಾನು? ಅವಳ ಕೈ ಅವನಿಗೆ ಗೊತ್ತು, ಅವನ ಕೈ ನರ್ಸಿಗೆ ಗೊತ್ತಿಲ್ಲ. ಅವಳ ಕೈಯನ್ನು ಬಾಯಿಗೆ ತರುವವಳು ಇರುವುದು ನಾನೊಬ್ಬಳೇ. ನಾನೇ ಹೋಗಬೇಕು, ಇಲ್ಲವೇ ವೀಡಿಯೋದಲ್ಲಿ ಕಾಣಬೇಕು.

ನಮ್ಮ ವಠಾರ ತಗ್ಗಿನಲ್ಲಿದೆ. ಎದುರಿಗೆ ಕೋಲ್ಡ್ ಸ್ಟೋರೇಜಿನ ಗೋಡೆ ಆಕಾಶ ಮುಚ್ಚಿದೆ. ಫೋನಿನಲ್ಲಿ ಮಾತು ಬರುತ್ತದೆ, ಚಿತ್ರ ಬರುವುದಿಲ್ಲ. ಕಿವಿ ಕೇಳುವವರಿಗೆ ಹಾಳು ನೆಟ್ಟಾದರೂ ನಡೆಯುತ್ತದೆ. ಚಿತ್ರ ನಿಂತುಹೋದರೂ ದನಿ ಬರುತ್ತದೆ, ಸಂಸಾರ ಸಾಗುತ್ತದೆ. ನಮಗೆ ಚಿತ್ರವೇ ದನಿ. ಅವಳ ಬೆರಳು ಹೊಗೆಯ ಹಾಗೆ ಕಲಸಿಹೋಗುತ್ತಿತ್ತು. ‘ಊಟ ಆಯ್ತು’ ಅಂದಳೋ ‘ಹೊಟ್ಟೆ ನೋವು’ ಅಂದಳೋ ತಿಳಿಯದೆ ಇಲ್ಲಿಂದ ತಲೆಯಾಡಿಸುತ್ತಿದ್ದೆ. ಬಸ್ ಸ್ಟ್ಯಾಂಡಿನವರೆಗೆ ಹತ್ತಿ ಹೋದರೆ ಸ್ವಲ್ಪ ವಾಸಿ. ಆದರೆ ಅಲ್ಲಿ ಒಬ್ಬಳೇ ನಿಂತು ಕೈಯಾಡಿಸಿದರೆ ಜನ ಸುತ್ತ ಸೇರುತ್ತಿದ್ದರು. ಹುಚ್ಚಿ ಅಂದುಕೊಂಡು ಒಬ್ಬ ನನ್ನ ಕಾಲ ಬಳಿ ಚಿಲ್ಲರೆ ಎಸೆದ. ಅಷ್ಟಾದರೂ ಅರ್ಧ ಮಾತಿಗೆ ಮಗಳು ಅಲ್ಲಾಡದ ಫೋಟೋ ಆಗಿಬಿಡುತ್ತಿದ್ದಳು.

ವಠಾರದ ತಗಡುಗಳ ಮೇಲೆಯೇ ಒಂದು ಕಪ್ಪು ವೈರು ಹಾದುಹೋಗಿದೆ. ಕಂಬದಿಂದ ಹೊರಟು, ನಮ್ಮ ನೆತ್ತಿ ದಾಟಿ, ನೇರ ಮುಂದಿನ ಮಹಡಿ ಮನೆಗೆ. ಅದು ಓನರ್ ಮನೆ. ಬಟ್ಟೆ ಹರವುವ ಕೋಲೆತ್ತಿದರೆ ನಮಗೆ ಅದು ತಗಲುತ್ತದೆ. ‘ಮನೆಮನೆಗೂ ನೆಟ್ಟು’ ಎಂದು ಮೈಕು ಕಟ್ಟಿದ ವ್ಯಾನು ದಿನಾ ಕೂಗಿಕೊಂಡು ಹೋಗುತ್ತಿತ್ತು. ನಮ್ಮದೂ ಮನೆಯೇ ಅಂದುಕೊಂಡು ನಾನು ಅವರ ಆಫೀಸಿಗೆ ಹೋಗಿ ಹೇಳಿದೆ. ದುಡ್ಡು ನಾನೇ ಕಟ್ಟುತ್ತೇನೆ ಅಂದೆ.

ನೆಟ್ಟಿನವನು ಬಂದ. ಏಣಿ ಇಟ್ಟು ನೋಡಿದ. “ವೈರು ಇಲ್ಲೇ ಇದೆಯಲ್ಲಮ್ಮ, ಅರ್ಧ ಗಂಟೆ ಕೆಲಸ,” ಎಂದ. ಆಮೇಲೆ ತಲೆ ಕೆರೆದುಕೊಂಡ. “ಆದ್ರೆ ನಿಮ್ಮ ವಠಾರದಲ್ಲಿ ಯಾರಿಗೂ ಬೇಡವಂತೆ ಅಂತ ನಮ್ಮ ಆಫೀಸಲ್ಲಿ ಅಂತಾರಲ್ಲ?”

“ಯಾರಪ್ಪ ಬೇಡ ಅಂದಿದ್ದು?”

ಅವನು ಬಾಲ್ಕನಿಯ ಕಡೆ ಕಣ್ಣೆತ್ತಿದ. ಅಲ್ಲಿ ಓನರ್ ಹಲ್ಲು ಚುಚ್ಚಿಕೊಳ್ಳುತ್ತ ನಿಂತಿದ್ದರು. ಹಿಂದೆ ಅವರ ಆಫೀಸಿನ ಯಾವುದೋ ಹುಡುಗಿ ನೆಟ್ಟು ಬೇಕಾ ಅಂತ ಮನೆಮನೆ ಕೇಳಿಕೊಂಡು ಬಂದಿದ್ದಳಂತೆ. ನಾವೆಲ್ಲ ಶೆಡ್ಡಿನಲ್ಲಿದ್ದೆವು. ಅಷ್ಟೂ ಬಾಗಿಲಿನ ಉತ್ತರ ಓನರ್ ಒಬ್ಬರೇ ಕೊಟ್ಟು ಕಳಿಸಿದ್ದರು. ಇವರಿಗೆ ಅದರ ಉಪಯೋಗ ಗೊತ್ತಿಲ್ಲಮ್ಮ, ಇವರಿಗೆ ಬೇಡ.

“ಗೋಡೆಗೆ ತೂತು ಹೊಡೆಯೋ ಹಾಗಿಲ್ಲ,” ಎಂದರು ಮೇಲಿಂದಲೇ.

“ಇಲಿ ಆಗಲೇ ಹೊಡೆದಿದೆ ಸಾರ್. ಅದರಲ್ಲೇ ತೂರಿಸ್ತಾನಂತೆ,” ಅಂದೆ.

“ಇವತ್ತು ನೀನು, ನಾಳೆ ಎಲ್ಲರೂ ಶುರು ಮಾಡ್ತೀರಿ. ಏನಮ್ಮ, ನಿಮಗೆಲ್ಲ ಯಾಕೆ ನೆಟ್ಟು? ಕರುಳು ತೊಳೆಯೋದು ಹೇಗೆ ಅಂತ ನೋಡಿ ಕಲೀತೀರಾ?”

ನೆಟ್ಟಿನವನು ನಕ್ಕ. ನನ್ನ ಮುಖ ನೋಡಿ ನಗು ನುಂಗಿದ. “ಓನರ್ ಒಪ್ಪದೆ ನಾವು ಕೊಡೋ ಹಾಗಿಲ್ಲಮ್ಮ,” ಎನ್ನುತ್ತ ಏಣಿ ಮಡಿಸಿದ.

ನಾನು ಮಹಡಿ ಮೆಟ್ಟಿಲ ಕೆಳಗೆ ನಿಂತು ಮಗಳ ವಿಷಯ ಪೂರ್ತಿ ಹೇಳಿದೆ. ಓನರ್ ಹೆಂಡತಿ ಪಾಪ ಅಂದರು. ಓನರಿಗೂ ಕನಿಕರ ಬಂತು. ಕನಿಕರ ಬಂದಾಗ ಅವರ ಕತ್ತು ಒಂದು ಕಡೆ ವಾಲುತ್ತದೆ.

“ಆಯ್ತು. ನಮ್ಮ ವರಾಂಡದಲ್ಲಿ ಬಂದು ಕೂತ್ಕೊಂಡು ಮಾತಾಡು. ನಮ್ಮ ನೆಟ್ಟನ್ನೇ ನಿನ್ನ ಫೋನಿಗೆ ಹಾಕಿಕೊಡ್ತೀನಿ. ಧರ್ಮಕ್ಕೆ. ಆದ್ರೆ ಸ್ವಂತ ಕನೆಕ್ಷನ್ ಮಾತು ಮತ್ತೆ ಎತ್ತಬಾರದು.”

ನಾನು ಕೈಮುಗಿದೆ. ಮಗಳ ಕೈ ಕಂಡರೆ ಸಾಕಾಗಿತ್ತು.

ನನ್ನ ಜಾಗ ಚಪ್ಪಲಿ ಸ್ಟ್ಯಾಂಡಿನ ಪಕ್ಕ. ಒಂದು ಗೋಣಿಚೀಲ ಹಾಸಿದ್ದರು. ಮೊದಲ ಸಂಜೆ ಶೆಡ್ಡಿನಿಂದ ನೇರ ಅಲ್ಲಿಗೇ ಬಂದು ಕೂತೆ. ಮಗಳ ಮುಖ ಬಂತು. ಕನ್ನಡಿಯಲ್ಲಿ ನೋಡಿದಷ್ಟು ಸ್ವಚ್ಛ. ಅವಳು ಗಲ್ಲ ಚಿವುಟಿಕೊಂಡಳು. ನಾನು ಕೈಯೆತ್ತುವಷ್ಟರಲ್ಲಿ ಕಟ್ಟಾಯಿತು.

ಓನರ್ ಹೆಂಡತಿ ಬಾಗಿಲ ಸಂದಿಯಿಂದ ಇಣುಕಿದರು. ಸೆರಗು ಮೂಗಿನ ಮೇಲಿತ್ತು.

“ಸ್ನಾನ ಮಾಡಿ ಬರಲಿಲ್ವಾ? ಈ ನೆಟ್ಟಿನ ಬಾಕ್ಸು ಬಹಳ ನಾಜೂಕು ಕಣಮ್ಮ. ವಾಸನೆಗೆ ಕಟ್ಟಾಗಿಬಿಡತ್ತೆ.”

ನಾನು ನಂಬಿದೆ. ನಗುವವರು ನಗಲಿ. ನಾನು ಪೆದ್ದಿಯಲ್ಲ. ತೂಕದಲ್ಲಿ ನನಗೆ ಮೋಸ ಮಾಡಿದ ಅಂಗಡಿಯವನು ಇನ್ನೂ ಹುಟ್ಟಿಲ್ಲ. ಆದರೆ ನಮ್ಮ ಶೆಡ್ಡಿನ ಉಪ್ಪುಗಾಳಿಗೆ ಮೇಸ್ತ್ರಿಯ ಗೋಡೆ ಗಡಿಯಾರ ನಿಂತದ್ದನ್ನು ನೋಡಿದ್ದೆ. ತಗಡು ಜಾಲರಿಯಾದದ್ದನ್ನು ನೋಡಿದ್ದೆ. ನೆಟ್ಟು ಗಾಳಿಯಲ್ಲಿ ಬರುತ್ತದಂತೆ. ವಾಸನೆಯೂ ಗಾಳಿಯಲ್ಲೇ ಬರುತ್ತದೆ. ಒಂದೇ ದಾರಿಯಲ್ಲಿ ಎರಡೂ ಎದುರಾದರೆ ಯಾವುದು ದೊಡ್ಡದೋ ಅದು ಗೆಲ್ಲುತ್ತದೆ. ನಮ್ಮದು ಸಣ್ಣ ವಾಸನೆಯೇನಲ್ಲ.

ಶೆಡ್ಡಿನಲ್ಲಿ ಹೇಳಿದೆ. ಯಾರೂ ಅನುಮಾನಪಡಲಿಲ್ಲ.

“ನನ್ನ ಗಂಡನೇ ನನ್ನ ವಾಸನೆಗೆ ಓಡಿಹೋದ. ಇನ್ನು ನೆಟ್ಟು ಯಾವ ಲೆಕ್ಕ?” ಎಂದಳು ಜೋರಕ್ಕ.

ಅಂದಿನಿಂದ ನನ್ನದೊಂದು ಹೊಸ ಕೆಲಸ ಶುರುವಾಯಿತು. ಕರುಳು ತೊಳೆದ ಮೇಲೆ ನನ್ನನ್ನು ನಾನು ತೊಳೆಯುವುದು. ಉಗುರಿನ ಸಂದಿಗೆ ಕಡ್ಡಿ, ಮೊಣಕೈಗೆ ನಿಂಬೆಹೋಳು, ತಲೆಗೆ ಬಟ್ಟೆ ಸೋಪು. ಸೀಳಿದ ಚರ್ಮಕ್ಕೆ ನಿಂಬೆ ತಾಗಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ನೆಟ್ಟಿನ ಬಟ್ಟೆ ಅಂತ ಒಂದು ಜೊತೆ ಬೇರೆ ಎತ್ತಿಟ್ಟೆ. ಕೆಲವು ದಿನ ಪೂರ್ತಿ ಮಾತಾಡಲು ಸಿಗುತ್ತಿತ್ತು. ಕೆಲವು ದಿನ ಕೂತ ತಕ್ಷಣ ಕಟ್. ಕಟ್ಟಾದ ದಿನ ತಪ್ಪು ನನ್ನ ಮೈಯದು. ಕಿವಿಯ ಹಿಂದೆ ಉಜ್ಜಿದೆ, ಹೊಕ್ಕುಳು ಉಜ್ಜಿದೆ, ಕಾಲ್ಬೆರಳ ಸಂದಿ ಉಜ್ಜಿದೆ. ಯಾವ ಮೂಲೆಯಲ್ಲಿ ಕುರಿ ಅಡಗಿ ಕೂತಿದೆಯೋ ಅಂತ ನನ್ನ ಮೈಯನ್ನೇ ಜಪ್ತಿ ಮಾಡಿದೆ.

ಮಗಳಿಗೂ ಹೇಳಿದೆ. ಅವಳು ಫೋನಿಗೆ ಮೂಗು ತಂದು ಮೂಸಿ ನೋಡಿದಳು. ‘ಇಲ್ಲಿಗೇನೂ ಬರ್ತಿಲ್ಲ’ ಎಂದು ಕೈಯಾಡಿಸಿ ನಕ್ಕಳು.

ನಾನು ಮಾತಾಡುವಾಗ ಓನರ್ ಹೆಂಡತಿ ಕಿಟಕಿಯ ಸರಳಿನಿಂದ ಕೈ ಹಾಕಿ ರೂಮಿಗೆ ಹೊಡೆಯುವ ಸ್ಪ್ರೇ ಹೊಡೆಯುತ್ತಿದ್ದರು. ನನ್ನ ನೆತ್ತಿಯ ಮೇಲೆ. ಯಾವ ಗಿಡದಲ್ಲೂ ಬಿಡದ ಹೂವಿನ ವಾಸನೆ. ಹನಿ ಫೋನಿನ ಮೇಲೆ ಬಿದ್ದು ಮಗಳ ಮುಖ ಒಡೆದ ಹಾಗೆ ಕಾಣುತ್ತಿತ್ತು. ಒರೆಸಿಕೊಂಡು ಮಾತಾಡುತ್ತಿದ್ದೆ. ಬಾಕ್ಸಿನ ಒಳ್ಳೆಯದಕ್ಕೇ ಹೊಡೆಯುತ್ತಾರೆ ಅಂದುಕೊಂಡಿದ್ದೆ.

ಹೆರಿಗೆಗೆ ಇನ್ನೂ ದಿನವಿತ್ತು. ರೈಲಿಗೆ ಟಿಕೆಟ್ ಮಾಡಿಸಿಟ್ಟಿದ್ದೆ. ಅದಕ್ಕೆ ಮೊದಲೇ ಒಂದು ಮಧ್ಯಾಹ್ನ ಶೆಡ್ಡಿನಲ್ಲಿ ಫೋನು ಬಡಿದುಕೊಂಡಿತು. ಗೊತ್ತಿಲ್ಲದ ನಂಬರು. ಕೈ ತುಂಬ ಲದ್ದಿ. ಮೂಗಿನಿಂದ ಎತ್ತಿದೆ. ಆಸ್ಪತ್ರೆಯ ನರ್ಸು.

“ನಿಮ್ಮ ಮಗಳನ್ನ ತಂದು ಸೇರಿಸಿದಾರೆ. ನೋವು ಶುರುವಾಗಿದೆ. ತಲೆ ತಲೆ ಚಚ್ಚಿಕೊಳ್ತಿದಾಳೆ, ಮುಟ್ಟೋಕೇ ಬಿಡ್ತಿಲ್ಲ. ಏನ್ ಹೇಳ್ತಿದಾಳೋ ಒಬ್ಬರಿಗೂ ಗೊತ್ತಾಗ್ತಿಲ್ಲ. ಬೇಗ ವೀಡಿಯೋಗೆ ಬನ್ನಿ.”

ನಾನು ಚಾಕು ಬಿಸಾಕಿದೆ. ಮೇಸ್ತ್ರಿ ಬಾಗಿಲಿಗೆ ಅಡ್ಡ ನಿಂತ. “ಡ್ರಮ್ಮು ತುಂಬೋವರೆಗೂ ಯಾರೂ ಕದಲೋ ಹಾಗಿಲ್ಲ.”

“ಅವಳ ಪಾಲಿನ ಕರುಳು ನಾನು ಹೆರೀತೀನಿ. ಸರ್ಕೋ, ಇಲ್ಲಾಂದ್ರೆ ನಿಂದನ್ನೂ ಹೆರೀಬೇಕಾಗತ್ತೆ,” ಎಂದಳು ಜೋರಕ್ಕ. ಅವನು ಸರಿದ. ನಾನು ಓಡಿದೆ.

ಓಡಿ ಎಲ್ಲಿಗೆ ಹೋದೆ? ಬಚ್ಚಲಿಗೆ. ಮಗಳು ಅಲ್ಲಿ ಒದ್ದಾಡುತ್ತಿದ್ದಾಳೆ, ನಾನಿಲ್ಲಿ ಮೊಣಕೈಗೆ ಸೋಪು ತಿಕ್ಕುತ್ತಿದ್ದೇನೆ. ಅವಳ ಜೀವ ನನ್ನ ವಾಸನೆಯ ಮೇಲೆ ನಿಂತಿದೆ ಅಂತ ನನ್ನನ್ನು ನಂಬಿಸಿದ್ದರು. ಇದನ್ನು ನೆನೆದರೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ. ನಿಂಬೆಗಲ್ಲ.

ಒದ್ದೆ ಕೂದಲಲ್ಲೇ ಚಪ್ಪಲಿ ಸ್ಟ್ಯಾಂಡಿನ ಪಕ್ಕ ಕೂತೆ. ವೀಡಿಯೋ ಹತ್ತಿತು. ಮಗಳ ಮುಖ ಊದಿಕೊಂಡಿತ್ತು. ನನ್ನನ್ನು ಕಂಡದ್ದೇ ಕಣ್ಣು ಅರಳಿತು. ಗಲ್ಲ ಚಿವುಟಿಕೊಂಡಳು. ಕೈ ತಲೆಯ ಹತ್ತಿರ ಹೋಯಿತು. ಕಟ್.

“ಇನ್ನೊಂದು ಸಲ ತೊಳ್ಕೊಂಡು ಬಾರಮ್ಮ,” ಒಳಗಿಂದ ಓನರ್ ಹೆಂಡತಿಯ ದನಿ. “ಇವತ್ತು ಬಾಕ್ಸಿಗೆ ತಡ್ಕೊಳ್ಳೋಕೇ ಆಗ್ತಿಲ್ಲ.”

ಮತ್ತೆ ಓಡಿದೆ. ನಲ್ಲಿಯಲ್ಲಿ ನೀರು ನಿಂತಿತ್ತು. ಕುಡಿಯುವ ನೀರಿನ ಕೊಡವನ್ನೇ ತಲೆಯ ಮೇಲೆ ಸುರಿದುಕೊಂಡೆ. ಉಟ್ಟ ಬಟ್ಟೆಯಲ್ಲೇ. ಮೆಟ್ಟಿಲು ಹತ್ತಿ ಬರುವಾಗ ಒಳಗೆ ನಗು ಕೇಳಿಸಿತು. ಕಿಟಕಿಯ ಪರದೆ ಅರ್ಧ ಸರಿದಿತ್ತು.

ಓನರ್ ಊಟಕ್ಕೆ ಕೂತಿದ್ದರು. ಹೆಂಡತಿ ಗೋಡೆಯ ಸ್ವಿಚ್ ಬೋರ್ಡಿನ ಪಕ್ಕ ನಿಂತಿದ್ದರು. ಬೆರಳು ಸ್ವಿಚ್ಚಿನ ಮೇಲೆ. ಬಾಕ್ಸಿನ ದೀಪ ಆರಿತ್ತು.

“ಊಟ ಮುಗಿಯೋವರೆಗೂ ಆಫ್ ಇರ್ಲಿ. ಅವಳು ಬಾಗಿಲಲ್ಲಿ ಕೂತ್ರೆ ತುತ್ತು ಇಳಿಯಲ್ಲ,” ಎಂದರು ಓನರ್.

“ಓಡಿದ್ದು ನೋಡ್ಬೇಕಿತ್ತು ನೀವು, ಸ್ನಾನಕ್ಕೆ,” ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. “ಪಾಪ, ಉಜ್ಜಿ ಉಜ್ಜಿ ಒಂದು ಬಣ್ಣ ಬೆಳ್ಳಗೇ ಆಗಿದಾಳೆ.”

ಓನರ್ ತಟ್ಟೆಯಲ್ಲಿ ಸಾಸೇಜ್ ಇತ್ತು. ನಗುತ್ತಲೇ ಅದನ್ನು ಎತ್ತಿ ಕಚ್ಚಿದರು. ತೆಳ್ಳಗಿನ ಸಿಪ್ಪೆ ಚಟ್ ಅಂತ ಒಡೆಯಿತು. ಆ ಸದ್ದು ನನಗೆ ಚೆನ್ನಾಗಿ ಗೊತ್ತು. ಅದರ ಒಳಗು ಹೊರಗು ಮಾಡುವವಳು ನಾನು.

ನಾನು ಲದ್ದಿಯಲ್ಲಿ ಮೊಣಕೈವರೆಗೆ ಕೈಯಿಟ್ಟು ಬದುಕು ಕಳೆದವಳು. ಸತ್ತ ಹುಳ, ಕೊಳೆತ ಗಂಟು, ಹಸಿ ರಕ್ತ, ಯಾವುದಕ್ಕೂ ಒಂದು ದಿನ ವಾಕರಿಸಿದವಳಲ್ಲ. ಅವತ್ತು ವಾಕರಿಸಿದೆ. ಆ ಶುಭ್ರವಾದ ಮೇಜು, ಆ ಶುಭ್ರವಾದ ಬೆರಳು, ಆ ಹೂವಿನ ಸ್ಪ್ರೇ. ಅಷ್ಟು ಕೊಳಕನ್ನು ನಾನು ಯಾವ ತೊಟ್ಟಿಯಲ್ಲೂ ಕಂಡಿರಲಿಲ್ಲ.

ಬಾಗಿಲು ತಳ್ಳಿದೆ. ಆ ಹೊಸ್ತಿಲು ನಾನು ಎಂದೂ ದಾಟಿರಲಿಲ್ಲ. ನೀರು ಸೋರುತ್ತಿದ್ದ ಬಟ್ಟೆಯಲ್ಲಿ ಅವರ ಹಾಲಿನ ನಡುವೆ ಹೋಗಿ ನಿಂತೆ.

“ಸ್ವಿಚ್ ಹಾಕಿ.”

“ಏಯ್! ಹೊರಗೆ, ಹೊರಗೆ! ಯಾರನ್ನ ಕೇಳಿ ಒಳಗೆ ಬಂದೆ?” ಓನರ್ ಎದ್ದು ಬಂದು ಬೋರ್ಡಿಗೆ ಬೆನ್ನು ಕೊಟ್ಟು ನಿಂತರು.

“ವಾಸನೆಗೆ ಕಟ್ಟಾಗೋದಲ್ಲ ಅದು. ನಾನು ಕಂಡೆ. ಸ್ವಿಚ್ ಹಾಕಿ. ಅಲ್ಲಿ ನನ್ನ ಮಗಳು ಹೆರ್ತಿದಾಳೆ.”

“ನನ್ನ ಮನೆ, ನನ್ನ ಕರೆಂಟು, ನನ್ನ ನೆಟ್ಟು. ಧರ್ಮಕ್ಕೆ ಕೊಟ್ಟಿದ್ದಕ್ಕೆ ತಲೆ ಮೇಲೆ ಹತ್ತಿ ಕೂತ್ಕೊಳ್ತೀಯಾ?”

ಕೈಯಲ್ಲಿದ್ದ ಫೋನು ಬಡಿದುಕೊಂಡಿತು. ಚಿತ್ರವಿಲ್ಲ, ಬರೀ ಮಾತು. ನರ್ಸು ಕಿರುಚುತ್ತಿದ್ದಳು.

“ಯಾಕಮ್ಮ ಕಟ್ ಮಾಡಿದ್ರಿ? ನಮಗೆ ಸಾಕಾಗಿಹೋಯ್ತು. ಹಟ ಮಾಡ್ತಾಳೆ, ಡ್ರಿಪ್ ಕಿತ್ತುಹಾಕ್ತಾಳೆ. ಎರಡೂ ಕೈ ಮಂಚಕ್ಕೆ ಕಟ್ಟಿದೀವಿ.”

 ಕೈ ಕಟ್ಟಿದ್ದರು. ಅವಳ ಕೈ. ನಾಲಿಗೆಯನ್ನು ಹಗ್ಗದಲ್ಲಿ ಬಿಗಿದ ಹಾಗೆ.

“ಬಿಚ್ಚಿ!” ಎಂದೆ. “ಅದು ಹಟ ಅಲ್ಲ ತಾಯಿ, ಅದು ಮಾತು. ಬಿಚ್ಚಿ!” ಅಷ್ಟರಲ್ಲಿ ಆ ಫೋನೂ ಕಟ್ಟಾಯಿತು.

ಓನರ್ ಕೇಳಿಸಿಕೊಂಡರು. ಅವರ ಹೆಂಡತಿಯೂ ಕೇಳಿಸಿಕೊಂಡರು. ಒಂದು ಬೆರಳು ಸ್ವಿಚ್ಚಿನ ಕಡೆ ಹೋಗಬೇಕಿತ್ತು, ಅಷ್ಟೇ. ಹೋಗಲಿಲ್ಲ. “ಮೊದಲು ಹೊರಗೆ ಹೋಗಿ ಕೂತ್ಕೋ, ಆಮೇಲೆ ನೋಡೋಣ,” ಎಂದರು ಓನರ್. ನೆಲದ ಮೇಲಿನ ನೀರನ್ನು ನೋಡುತ್ತ ಹೇಳಿದರು.

ಆಗ ಹೊರಗೆ ಗಂಬೂಟಿನ ಸದ್ದಾಯಿತು. ಮುಂದೆ ಜೋರಕ್ಕ, ಹಿಂದೆ ಶೆಡ್ಡಿನ ಅಷ್ಟೂ ಹೆಂಗಸರು, ಕೊನೆಯಲ್ಲಿ ಉಪ್ಪು ಹಚ್ಚುವ ಅಜ್ಜಿ. ಡ್ರಮ್ಮು ಅರ್ಧಕ್ಕೇ ಬಿಟ್ಟು ಬಂದಿದ್ದರು. ಯಾರೂ ತೊಳೆದುಕೊಂಡಿರಲಿಲ್ಲ. ಏಪ್ರನ್ನಿನಲ್ಲಿ ರಕ್ತ, ತೋಳಿನಲ್ಲಿ ಹಸಿರು ಲದ್ದಿ, ಕೈಯಲ್ಲಿ ಲೋಳೆ.

“ಏನಾಯ್ತೇ? ಮಗು ಆಯ್ತಾ?” ಎಂದಳು ಜೋರಕ್ಕ.

“ಸ್ವಿಚ್ಚು ಕಣೇ,” ಎಂದೆ. “ವಾಸನೆಯಲ್ಲ. ಇಷ್ಟು ದಿನವೂ ಸ್ವಿಚ್ಚು ಆರಿಸ್ತಿದ್ರು. ಅಲ್ಲಿ ಮಗಳ ಕೈ ಕಟ್ಟಿದಾರೆ.”

ಜೋರಕ್ಕ ನನ್ನ ಒದ್ದೆ ಬಟ್ಟೆ ನೋಡಿದಳು. ಆರಿದ ಬಾಕ್ಸು ನೋಡಿದಳು. ಊಟದ ತಟ್ಟೆ ನೋಡಿದಳು.  ಆಮೇಲೆ ಎರಡೂ ಕೈ ಮುಂದೆ ಚಾಚಿ ಓನರ್ ಕಡೆ ನಡೆದಳು. ಓಡಲಿಲ್ಲ. ಬೈಯಲಿಲ್ಲ. ಸುಮ್ಮನೆ ನಡೆದಳು.

ಓನರ್ ಒಂದು ಹೆಜ್ಜೆ ಪಕ್ಕಕ್ಕೆ ಸರಿದರು. ಆಮೇಲೆ ಇನ್ನೊಂದು. ಕೊನೆಗೆ ಮೂಗು ಹಿಡಿದುಕೊಂಡು ಮಂಚದ ಕೋಣೆಯ ಬಾಗಿಲಿಗೆ ಹೋಗಿ ಅಂಟಿಕೊಂಡರು. ಅವರನ್ನು ಯಾರೂ ಮುಟ್ಟಲಿಲ್ಲ.

ಜೋರಕ್ಕ ಮೊಣಕೈಯಿಂದ ಸ್ವಿಚ್ ಒತ್ತಿದಳು. ಬಾಕ್ಸಿನಲ್ಲಿ ದೀಪ ಹತ್ತಿತು. ಆಮೇಲೆ ಅಂಗೈಯನ್ನು ಬೋರ್ಡಿನ ಸುತ್ತ ಗೋಡೆಗೆ, ಬೋರ್ಡಿನ ಅಂಚಿಗೆ ನಿಧಾನವಾಗಿ ಬಳಿದಳು. ಹಸಿರು, ಹಳದಿ, ಲೋಳೆ. ಸುಣ್ಣ ಬಳಿಯುವವಳ ಹಾಗೆ ಮೂಲೆ ಬಿಡದೆ ಬಳಿದಳು.

“ಈಗ ಆರಿಸಿ, ನೋಡೋಣ,” ಎಂದಳು. “ಬನ್ನಿ ಅಮ್ಮಾವ್ರೆ. ಒಂದೇ ಒಂದು ಬೆರಳು ಸಾಕು.”

ಓನರ್ ಹೆಂಡತಿ ಬೆರಳನ್ನು ಸೆರಗಿನಲ್ಲಿ ಸುತ್ತಿಕೊಂಡರು.

“ಮೇನ್ ಸ್ವಿಚ್ ತೆಗೀತೀನಿ! ಎಲ್ಲ ಕತ್ತಲೆ ಮಾಡ್ತೀನಿ!” ಓನರ್ ಅಲ್ಲಿಂದಲೇ ಕೂಗಿದರು.

“ಅದೆಲ್ಲಿದೆ ಮಗಾ? ಮೆಟ್ಟಿಲ ಕೆಳಗೇನಾ?” ಎಂದು ಅಜ್ಜಿ ಕೇಳಿದಳು. ಹೋಗಿ ಮೀಟರಿನ ಕೆಳಗೆ ಕಾಲು ಚಾಚಿ ಕೂತಳು. ಮಡಿಲಲ್ಲಿ ಉಪ್ಪು ಮೆತ್ತಿದ ಕೈ.

ನಾನು ಬಾಕ್ಸಿನ ಎದುರು ನೆಲದ ಮೇಲೆ ಕೂತೆ. ಫೋನಿಗೆ ಮೂಗು ಒತ್ತಿದೆ.

ಮೊದಲು ಚಾವಣಿ ಕಾಣಿಸಿತು. ಆಮೇಲೆ ನರ್ಸಿನ ಗಲ್ಲ. ಆಮೇಲೆ ಮಗಳು. ಎರಡೂ ಮಣಿಕಟ್ಟು ಬ್ಯಾಂಡೇಜು ಬಟ್ಟೆಯಲ್ಲಿ ಮಂಚದ ಸರಳಿಗೆ ಬಿಗಿದಿತ್ತು. ಬೆರಳು ಮಾತ್ರ ಆಡುತ್ತಿತ್ತು. ದಡಕ್ಕೆ ಬಿದ್ದ ಮೀನಿನ ಹಾಗೆ.

“ಬಿಚ್ಚಮ್ಮ ತಾಯಿ,” ಎಂದೆ. “ಕಿವಿ ಕೇಳದವಳಮ್ಮ ಅವಳು. ಕೈಯೇ ಬಾಯಿ. ಬಾಯಿಗೆ ಬಟ್ಟೆ ತುರುಕಿದೀರಿ. ಒಂದು ಕೈ ಬಿಚ್ಚಿ ನೋಡಿ, ಏನು ಹೇಳ್ತಾಳೆ ಅಂತ ನಾನು ಹೇಳ್ತೀನಿ.”

ನರ್ಸು ಹಿಂದೆಮುಂದೆ ನೋಡಿದಳು. ಆಮೇಲೆ ಬಲಗೈ ಬಿಚ್ಚಿದಳು. ಕೈ ಬಿಡಿಸಿಕೊಂಡದ್ದೇ ಮಗಳು ಮುಷ್ಟಿ ಕಟ್ಟಿ ತಲೆಗೆ ತಂದು ಬೆರಳು ಸಿಡಿಸಿದಳು.

“ತಲೆ ಸಿಡೀತಿದೆಯಂತೆ,” ಎಂದೆ.

ಕಣ್ಣ ಮುಂದೆ ಬೆರಳ ತುದಿ ಮಿಟುಕಿಸಿದಳು, ಮತ್ತೆ ಮತ್ತೆ.

“ಕಣ್ಣ ಮುಂದೆ ಹುಳ ಹಾರ್ತಿದೆಯಂತೆ. ಮಿಣಮಿಣ ಅಂತಿದೆಯಂತೆ. ಬೆಳಿಗ್ಗೆಯಿಂದಲೂ.”

ಪಕ್ಕೆಲುಬಿನ ಕೆಳಗೆ ಒತ್ತಿ, ಚಾಕು ತಿರುವಿದ ಹಾಗೆ ಮಾಡಿದಳು.

“ಇಲ್ಲಿ, ಬಲಗಡೆ ಪಕ್ಕೆ ಕೆಳಗೆ. ಇದು ಹೆರಿಗೆ ನೋವಲ್ಲವಂತೆ. ಬೇರೆ ನೋವಂತೆ.”

ನರ್ಸಿನ ಮುಖ ಬದಲಾಯಿತು. “ಡಾಕ್ಟ್ರೇ!” ಎಂದು ಓಡಿದಳು. ಫೋನು ಪಕ್ಕದ ಮೇಜಿನ ಮೇಲೆ ಬಿತ್ತು. ಕಾಲುಗಳು, ಗಾಲಿಗಳು, ಯಾರೋ ಇಂಜೆಕ್ಷನ್ ಕೇಳುವುದು, ಫಿಟ್ಸ್ ಬಂದ್ರೆ ಇಬ್ಬರೂ ಉಳಿಯಲ್ಲ ಅನ್ನುವುದು. ಮಗಳ ಎಡಗೈಯನ್ನೂ ಯಾರೋ ಬಿಚ್ಚಿದರು. ಮಂಚ ಉರುಳಿಕೊಂಡು ಹೋಯಿತು. ಖಾಲಿ ಗೋಡೆ ಉಳಿಯಿತು. “ಆಪರೇಷನ್‌ಗೆ ಒಯ್ತಿದಾರೆ, ಕಟ್ ಮಾಡ್ಬೇಡಿ,” ಎಂದು ನರ್ಸು ಕೂಗಿ ಹೇಳಿದಳು.

ನಾವು ಕಾದೆವು. ಓನರ್ ಬಾಲ್ಕನಿಗೆ ಹೋಗಿ ಪೊಲೀಸರಿಗೆ ಫೋನು ಮಾಡುತ್ತಿದ್ದರು. ಮನೆಗೆ ನುಗ್ಗಿದಾರೆ, ಗಲೀಜು ಮಾಡಿದಾರೆ. ಅವರ ಹೆಂಡತಿ ಸ್ಪ್ರೇ ಹೊಡೆದರು, ಹೊಡೆದರು, ಡಬ್ಬ ಬರಿದಾಗಿ ಬರೀ ಗಾಳಿ ಬಂತು. ನಮ್ಮ ಹೆಂಗಸರು ಸೋಫಾದ ಮೇಲೆ ಕೂರಲಿಲ್ಲ. ನೆಲದ ಮೇಲೆ ಸಾಲಾಗಿ ಕೂತರು. ತಟ್ಟೆಯ ಮೇಲೆ ನೊಣ ಬಂದು ಕೂತಿತು. ಯಾರೂ ಓಡಿಸಲಿಲ್ಲ. ಜೋರಕ್ಕ ಬೋರ್ಡಿನ ಪಕ್ಕ ಗೋಡೆಗೊರಗಿ ನಿಂತೇ ಇದ್ದಳು.

“ಪೊಲೀಸರು ಬಂದ್ರೆ ಏನ್ ಮಾಡ್ತೀಯೇ?” ಎಂದು ಯಾರೋ ಕೇಳಿದರು.

“ಕೈ ಕುಲುಕ್ತೀನಿ,” ಎಂದಳು.

ನಗು ಬಂತು. ಮಗಳು ಚಾಕುವಿನ ಕೆಳಗಿರುವಾಗ ನಗು ಬಂತು. ಹಾಗೆ ನಗುತ್ತಿರುವಾಗಲೇ ಫೋನಿನಲ್ಲಿ ದೂರದಿಂದ ಒಂದು ಸದ್ದು ಬಂತು. ಮೊದಲು ಬಾಗಿಲು ಕಿರುಗುಟ್ಟಿದ ಹಾಗಿತ್ತು. ಹತ್ತಿರ ಬಂದಂತೆ ಅದು ಕೂಗಾಯಿತು. ಆ ಹಾಲಿನ ನಾಲ್ಕೂ ಗೋಡೆಗೆ ಬಡಿಯಿತು. ಜೋರಕ್ಕನನ್ನೇ ಮೀರಿಸುವ ಗಂಟಲು.

“ಹೆಣ್ಣು ಮಗು,” ಎಂದಳು ನರ್ಸು. ಅವಳ ಟೋಪಿ ಓರೆಯಾಗಿತ್ತು. “ತಾಯಿನ ಇನ್ನೂ ಹುಷಾರಾಗಿ ನೋಡ್ಕೋಬೇಕು. ಎಚ್ಚರ ಇದೆ. ಬಂದಾಗಿನಿಂದ ಏನೋ ಕೇಳ್ತಾನೇ ಇದಾಳೆ. ಸ್ವಲ್ಪ ನೋಡಿ ಹೇಳಿ.”

ಫೋನು ಮಗಳ ಮುಖದ ಎದುರು ಬಂತು. ತುಟಿ ಒಡೆದಿತ್ತು. ಮಣಿಕಟ್ಟಿನ ಸುತ್ತ ಬಿಗಿದ ಗುರುತು ಕೆಂಪಗಿತ್ತು. ಪಕ್ಕದಲ್ಲಿ ಬಟ್ಟೆಯ ಗಂಟು. ಅವಳು ಆ ಗಂಟಿನ ಬಾಯಿಯ ಮೇಲೆ ಬೆರಳಿಟ್ಟಳು. ಆಮೇಲೆ ತನ್ನ ಕಿವಿ ಮುಟ್ಟಿಕೊಂಡಳು, ಇಲ್ಲವೆಂದು ಕೈಯಾಡಿಸಿದಳು. ಆಮೇಲೆ ನನ್ನ ಕಿವಿಯ ಕಡೆ ತೋರಿಸಿದಳು.

ಮಗುವಿನ ಬಾಯಿ ಆಡುತ್ತಿದೆ. ನನಗೆ ಕೇಳಿಸದು. ನಿನಗೆ ಕೇಳಿಸುತ್ತಿದೆಯಾ? ದನಿ ಇದೆಯಾ ಅದಕ್ಕೆ?

ನಾನು ಉತ್ತರ ಹೇಳಲು ಎರಡೂ ಕೈ ಎತ್ತಿದೆ. ಬಾಲ್ಕನಿಯಿಂದ ಓನರ್ ಒಳಗೆ ಬಂದರು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡಿದ್ದರು.

“ಆಯ್ತಲ್ಲ ನಿಮ್ಮ ಹೆರಿಗೆ? ಏಳಿ, ಏಳಿ. ಸಂಜೆಯೊಳಗೆ ಎಲ್ಲರೂ ಮನೆ ಖಾಲಿ ಮಾಡ್ಬೇಕು. ಒಬ್ಬಳೂ ಇರೋ ಹಾಗಿಲ್ಲ. ಏಯ್, ಕೇಳಿಸ್ತಾ? ನಿನಗೇ ಹೇಳ್ತಿರೋದು.”

ನಾನು ಫೋನಿನಿಂದ ಕಣ್ಣು ಕೀಳಲಿಲ್ಲ.

“ಸ್ವಲ್ಪ ಬಾಯಿ ಮುಚ್ಚಿಕೊಂಡಿರಿ,” ಎಂದೆ. “ನನ್ನ ಮಗಳು ಮಾತಾಡ್ತಿದಾಳೆ.”